ಮಕ್ಕಳ ಬಣ್ಣದ ಪೆಟ್ಟಿಗೆಯ ಮೂರನೇ ವಿಳಾಸ: ಥಾಣೆ, ಡೊಂಬಿವಲಿಯಲ್ಲಿ ಹುಟ್ಟಿದ ಬಣ್ಣ ಈಗ ಎಲ್ಲಿಗೆ ಹೊರಟಿದೆ?

ಮುಂಬೈ: ಜೂನ್ ಬಂತೆಂದರೆ ಶಾಲೆ ಶುರು. ಪುಸ್ತಕ, ಬ್ಯಾಗ್, ಕೊಡೆಯ ಜೊತೆ ಖರೀದಿ ಪಟ್ಟಿಯಲ್ಲಿ ಖಾಯಂ ಆಗಿರುವ ಇನ್ನೊಂದು ವಸ್ತು ಬಣ್ಣದ ಪೆಟ್ಟಿಗೆ. ಅದನ್ನು ತಿರುಗಿಸಿ ಹಿಂಭಾಗ ನೋಡಿದರೆ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಎರಡು ವಿಳಾಸಗಳು ಕಾಣುತ್ತವೆ. ಒಂದು ಕಂಪನಿಯ ಕಚೇರಿಯದು, ಇನ್ನೊಂದು ಕಾರ್ಖಾನೆಯದು. ಆದರೆ ಬಣ್ಣ ನಿಜಕ್ಕೂ ಹುಟ್ಟುವ ಮೂರನೇ ವಿಳಾಸವೊಂದಿದೆ. ಅದನ್ನು ಯಾವ ಪೆಟ್ಟಿಗೆಯ ಮೇಲೂ ಮುದ್ರಿಸುವುದಿಲ್ಲ. ದಶಕಗಳ ಕಾಲ ಆ ವಿಳಾಸ ಥಾಣೆ, ಡೊಂಬಿವಲಿ, ನವಿ ಮುಂಬೈಯ ಆಸುಪಾಸಿನಲ್ಲಿತ್ತು.

ಒಂಟೆ ಗುರುತಿನ ಕಂಪನಿ

ಕಚೇರಿ ಮತ್ತು ಕಾರ್ಖಾನೆ ಎಂಬ ಎರಡು ವಿಳಾಸಗಳನ್ನು ಅರ್ಥ ಮಾಡಿಕೊಳ್ಳಲು ಕ್ಯಾಮ್ಲಿನ್ ಒಳ್ಳೆಯ ಉದಾಹರಣೆ. 1931ರಲ್ಲಿ ಡಿ.ಪಿ. ದಾಂಡೇಕರ್ ಮುಂಬೈಯಲ್ಲಿ ಶಾಯಿ ಪುಡಿ ತಯಾರಿಸುವ ಸಣ್ಣ ಉದ್ಯಮ ಆರಂಭಿಸಿದರು. ಮೊದಲು ಬಂದದ್ದು ಕುದುರೆ ಗುರುತು, ನಂತರ ಒಂಟೆ ಗುರುತು. 'ಕ್ಯಾಮೆಲ್' ಮತ್ತು 'ಇಂಕ್' ಸೇರಿ ಕ್ಯಾಮ್ಲಿನ್ ಆಯಿತು. ಶಾಯಿಯ ಕಂಪನಿಯನ್ನು ಚಿತ್ರಕಲಾ ಸಾಮಗ್ರಿಗಳತ್ತ ಕೊಂಡೊಯ್ದವರು ಸುಭಾಷ್ ದಾಂಡೇಕರ್. ಅವರು 2024ರ ಜುಲೈ 15ರಂದು ನಿಧನರಾದರು. ಅದಕ್ಕೂ ಮೊದಲೇ, 2011ರಲ್ಲಿ, ಕಂಪನಿಯ ಬಹುಪಾಲು ಷೇರು ಖರೀದಿಸಲು ಜಪಾನಿನ ಕೊಕುಯೊ ಮುಂದಾಗಿತ್ತು. ಹಾಗಾಗಿ ಈಗಿನ ಹೆಸರು ಕೊಕುಯೊ ಕ್ಯಾಮ್ಲಿನ್.

ಕಂಪನಿಯ ಕಚೇರಿ ಅಂಧೇರಿಯಲ್ಲಿ. ಕಾರ್ಖಾನೆಗಳಲ್ಲಿ ಒಂದು ಪನ್ವೇಲ್ ದಾಟಿದ ಮೇಲೆ ಸಿಗುವ ರಾಯಗಡ ಜಿಲ್ಲೆಯ ಪಾತಾಳಗಂಗಾ ಕೈಗಾರಿಕಾ ಪ್ರದೇಶದಲ್ಲಿ. ಈ ಊರಿನ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಒಳಗೆ ನಡೆಯುವುದೇನು?

ಇಂತಹ ಕಾರ್ಖಾನೆಗಳಲ್ಲಿ ನಡೆಯುವುದು ಮುಖ್ಯವಾಗಿ ಬೆರೆಸುವ, ಅರೆಯುವ ಕೆಲಸ. ಬಣ್ಣ ಕೊಡುವ ನುಣುಪು ಪುಡಿಗೆ ಪಿಗ್ಮೆಂಟ್ ಎನ್ನುತ್ತಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದಷ್ಟೇ. ಅದನ್ನು ಮೇಣದ ಜೊತೆ ಕರಗಿಸಿ ಅಚ್ಚಿಗೆ ಹೊಯ್ದರೆ ಕ್ರೇಯಾನ್. ಗೋಂದು ಮತ್ತು ಗ್ಲಿಸರಿನ್ ಜೊತೆ ಅರೆದರೆ ವಾಟರ್ ಕಲರ್. ಪ್ಲಾಸ್ಟಿಕ್ ಜಾತಿಯ ಎಮಲ್ಷನ್‌ಗೆ ಸೇರಿಸಿದರೆ ಅಕ್ರಿಲಿಕ್. ವಾಟರ್ ಕಲರ್ ಬಿಲ್ಲೆ ಬಿರುಕು ಬಿಡದೆ ಇರುವುದಕ್ಕೆ ಕಾರಣ ಗ್ಲಿಸರಿನ್. ಅದು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕಷ್ಟದ ಕೆಲಸ ಪ್ರಯೋಗಾಲಯದ್ದು. ಈ ವರ್ಷ ಕೊಂಡ ನೀಲಿ ಮುಗಿದು ಮುಂದಿನ ವರ್ಷ ಮತ್ತೊಂದು ಟ್ಯೂಬ್ ತಂದರೆ ಅದು ಅದೇ ನೀಲಿಯಾಗಿರಬೇಕು. ಇಲ್ಲವಾದರೆ ಅರ್ಧ ಬರೆದ ಆಕಾಶ ಎರಡು ಬಣ್ಣದ್ದಾಗುತ್ತದೆ! ಅದಕ್ಕಾಗಿ ಪ್ರತಿ ಬ್ಯಾಚನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರದಲ್ಲಿ ಅಳೆದು, ಮೂಲ ಮಾದರಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು 'ಡೆಲ್ಟಾ ಇ' ಎಂಬ ಅಂಕಿಯಲ್ಲಿ ಹೇಳುತ್ತಾರೆ. ಬಿಸಿಲಿಗೆ ಬಣ್ಣ ಎಷ್ಟು ಬೇಗ ಮಾಸುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆ. ಅಲ್ಲಿ 1ರಿಂದ 8ರವರೆಗೆ ಅಂಕ, 8 ಬಂದರೆ ಅತ್ಯುತ್ತಮ.

ಪೋಷಕರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಿಷಾಂಶದ ಪರೀಕ್ಷೆ. ಮಕ್ಕಳು ಕ್ರೇಯಾನ್ ಬಾಯಿಗಿಡುತ್ತಾರೆ, ತಡೆಯಲಾಗದು. ಹಳೆಯ ಕಾಲದ ಹೊಳೆಯುವ ಕ್ರೋಮ್ ಹಳದಿ ಎಂದರೆ ಸೀಸದ ಸಂಯುಕ್ತ. ಈಗ ಭಾರತದ ಆಟಿಕೆ ಮಾನದಂಡ ಐಎಸ್ 9873, ವಸ್ತುವಿನಿಂದ ಹೊರಬರಬಹುದಾದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಸೇರಿ ಎಂಟು ಅಂಶಗಳಿಗೆ ಮಿತಿ ಹಾಕಿದೆ. ಕೆಲವು ಬಣ್ಣದ ಪೆಟ್ಟಿಗೆಗಳ ಮೇಲೆ ಕಾಣುವ 'ಇಎನ್ 71' ಎಂಬುದು ಯುರೋಪಿನ ಇಂತಹದ್ದೇ ಮಾನದಂಡ. ಬರೀ 'ನಾನ್ ಟಾಕ್ಸಿಕ್' ಎಂಬ ಪದಕ್ಕಿಂತ, ಯಾವ ಮಾನದಂಡದ ಪ್ರಕಾರ ಎಂದು ಬರೆದಿರುವ ಪೆಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹ.

ಮಂಜುಗಡ್ಡೆಯಲ್ಲಿ ಹುಟ್ಟುವ ಕೆಂಪು

ಸರಿ, ಆ ಪುಡಿ ಎಲ್ಲಿಂದ ಬರುತ್ತದೆ? ಇದೇ ಮೂರನೇ ವಿಳಾಸ.

ಇಂದಿನ ಬಹುತೇಕ ಗಾಢ ಕೆಂಪು, ಕಿತ್ತಳೆ, ಹಳದಿ ಬಣ್ಣಗಳು 'ಅಜೋ' ಎಂಬ ಗುಂಪಿಗೆ ಸೇರಿದವು. ಕಚ್ಚಾವಸ್ತು ಅನಿಲೀನ್ ಮತ್ತು ಅದರ ಸಂಬಂಧಿಕ ರಾಸಾಯನಿಕಗಳು. ಅವನ್ನು ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಜೊತೆ ಸಾಮಾನ್ಯವಾಗಿ 0ರಿಂದ 5 ಡಿಗ್ರಿ ಸೆಲ್ಸಿಯಸ್ ಒಳಗೆ ಬೆರೆಸಬೇಕು. ಅದಕ್ಕಾಗಿ ತೊಟ್ಟಿಗೆ ನೇರವಾಗಿ ಮಂಜುಗಡ್ಡೆ ಸುರಿಯುವ ಪದ್ಧತಿಯೂ ಇದೆ. ತಣ್ಣಗಿರಬೇಕು ಏಕೆ? ಆ ಹಂತದಲ್ಲಿ ಹುಟ್ಟುವ ಡಯಾಜೋನಿಯಂ ಲವಣ ಬಿಸಿಯಾದರೆ ಒಡೆದುಹೋಗುತ್ತದೆ, ಒಣಗಿದರೆ ಸ್ಫೋಟಿಸಲೂಬಹುದು. ಅದನ್ನು ಇನ್ನೊಂದು ರಾಸಾಯನಿಕದ ಜೊತೆ ಸೇರಿಸಿದ ಕ್ಷಣ ಬಣ್ಣ ಮೂಡುತ್ತದೆ. ನಂತರ ಸೋಸಿ, ತೊಳೆದು, ಒಣಗಿಸಬೇಕು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಇಡೀ ಉದ್ಯಮದ ದೊಡ್ಡ ಪ್ರಶ್ನೆ.

ಥಾಣೆ: ಕಾರ್ಖಾನೆ ಹೋಯಿತು, ಅಪಾರ್ಟ್‌ಮೆಂಟ್ ಬಂತು

1956ರಲ್ಲಿ ಸ್ಥಾಪನೆಯಾದ ಕಲರ್-ಕೆಮ್ ಕಂಪನಿ ಥಾಣೆಯ ಕೋಲ್ಶೇತ್‌ನಲ್ಲಿ ಬಣ್ಣ ತಯಾರಿಸುತ್ತಿತ್ತು. ಮುಂದೆ ಅದು ಸ್ವಿಟ್ಜರ್ಲೆಂಡಿನ ಕ್ಲಾರಿಯಂಟ್ ಸಮೂಹದ ಭಾಗವಾಯಿತು. ಕೋಲ್ಶೇತ್‌ನ ಜಾಗ ಸುಮಾರು 1,154 ಕೋಟಿ ರೂಪಾಯಿಗೆ ಲೋಧಾ ಸಮೂಹದ ಪಾಲಾಯಿತು. ಈಗ ಅಲ್ಲಿರುವುದು 'ಲೋಧಾ ಅಮರಾ' ಎಂಬ ವಸತಿ ಸಂಕೀರ್ಣ. ಕಂಪನಿಯ ಕಚೇರಿ ನವಿ ಮುಂಬೈಯ ಐರೋಲಿಯ ಟೆಕ್ ಪಾರ್ಕ್‌ಗೆ ಬಂತು. ಬಣ್ಣ ತಯಾರಿಕೆ ರಾಯಗಡದ ರೋಹಾದಂತಹ ದೂರದ ಘಟಕಗಳಲ್ಲಿ ಉಳಿಯಿತು. 2022ರಲ್ಲಿ ಕ್ಲಾರಿಯಂಟ್‌ನ ಪಿಗ್ಮೆಂಟ್ ವ್ಯವಹಾರ ಜರ್ಮನಿಯ ಹೋಯ್ಬಾಕ್ ಸಮೂಹಕ್ಕೆ ಹೋಯಿತು. 2025ರ ಮಾರ್ಚ್‌ನಲ್ಲಿ ಆ ಸಮೂಹವನ್ನೇ ಪುಣೆಯ ಸುದರ್ಶನ್ ಕೆಮಿಕಲ್ ಖರೀದಿಸಿತು. ಥಾಣೆಯಲ್ಲಿ ಬಣ್ಣಕ್ಕಿಂತ ನೆಲಕ್ಕೆ ಬೆಲೆ ಹೆಚ್ಚಾಗಿತ್ತು, ಲೆಕ್ಕ ಅಷ್ಟೇ ಸರಳ.

ಡೊಂಬಿವಲಿ: ಮನೆ ಪಕ್ಕದಲ್ಲೇ ರಿಯಾಕ್ಟರ್

ಡೊಂಬಿವಲಿಯಲ್ಲಿ ಹಾಗಾಗಲಿಲ್ಲ. 1960ರ ದಶಕದಲ್ಲಿ ಇಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂದಾಗ ಸುತ್ತ ಹಳ್ಳಿಗಳಿದ್ದವು. ಬಣ್ಣ, ಬಣ್ಣದ ಕಚ್ಚಾವಸ್ತು, ಜವಳಿ ಸಂಸ್ಕರಣೆಯ ಸಣ್ಣ ಸಣ್ಣ ಘಟಕಗಳು ಬೆಳೆದವು. ಜೊತೆಗೆ ಊರೂ ಬೆಳೆಯಿತು. ಮುಂಬೈಯಲ್ಲಿ ದುಡಿದು ಡೊಂಬಿವಲಿ, ಕಲ್ಯಾಣ್‌ನಲ್ಲಿ ಮನೆ ಮಾಡಿದವರಲ್ಲಿ ಕನ್ನಡಿಗರು ಕಡಿಮೆಯೇನಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದ ಹೆಸರು ಊರಿನ ಕನ್ನಡ ಕುಟುಂಬಗಳಿಗೆ ಚಿರಪರಿಚಿತ.

2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಸುರಿದ ಸುದ್ದಿ ದೇಶಾದ್ಯಂತ ಹರಡಿತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತು. ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಸ್ಥಳಕ್ಕೆ ಭೇಟಿ ನೀಡಿ ಎಚ್ಚರಿಕೆ ಕೊಟ್ಟಿದ್ದರು. ಜಾಲತಾಣಗಳಲ್ಲಿ ಆ ಫೋಟೋಗಳು ತಮಾಷೆಯಾಗಿ ಓಡಾಡಿದವು.

ಆದರೆ ತಮಾಷೆಯಲ್ಲದ ದಿನಗಳೂ ಇವೆ. 2016ರ ಮೇ 26ರಂದು ಪ್ರೋಬೇಸ್ ಎಂಟರ್‌ಪ್ರೈಸಸ್‌ನಲ್ಲಿ ಸಂಭವಿಸಿದ ಸ್ಫೋಟದಲ್ಲಿ 12 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎಂಟು ವರ್ಷಗಳ ನಂತರ, 2024ರ ಮೇ 23ರಂದು, ಅಮುದಾನ್ ಕೆಮಿಕಲ್ಸ್‌ನಲ್ಲಿ ಮತ್ತೊಂದು ಸ್ಫೋಟ. ಆಹಾರಕ್ಕೆ ಬಳಸುವ ಬಣ್ಣಕ್ಕೆ ಸಂಬಂಧಿಸಿದ ರಾಸಾಯನಿಕಗಳ ಘಟಕ ಅದು ಎಂದು ಆಗ ವರದಿಯಾಗಿತ್ತು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಎರಡೂ ಬಾರಿ ದೂರದ ಮನೆಗಳ ಕಿಟಕಿ ಗಾಜುಗಳು ಪುಡಿಯಾದವು. ಒಳಗೆ ದುಡಿಯುತ್ತಿದ್ದ ಕೆಲವರ ಗುರುತು ಪತ್ತೆಗೆ ಡಿಎನ್ಎ ಪರೀಕ್ಷೆ ಬೇಕಾಯಿತು.

ಮತ್ತೆ ಪಾತಾಳಗಂಗಾ

2022ರ ಫೆಬ್ರವರಿಯಲ್ಲೇ ಮಹಾರಾಷ್ಟ್ರ ಸರ್ಕಾರ ಡೊಂಬಿವಲಿಯ 156 ಅಪಾಯಕಾರಿ ಕಾರ್ಖಾನೆಗಳನ್ನು ಸ್ಥಳಾಂತರಿಸುವ ನಿರ್ಧಾರ ಪ್ರಕಟಿಸಿತ್ತು. ಎಲ್ಲಿಗೆ? ಪಾತಾಳಗಂಗಾಕ್ಕೆ. ಅಂದರೆ ಕ್ರೇಯಾನ್ ತಯಾರಾಗುವ ವಿಳಾಸದ ನೆರೆಹೊರೆಗೇ. 2024ರ ಸ್ಫೋಟ ಸಂಭವಿಸಿದಾಗ ಆ ಪ್ರಕಟಣೆಗೆ ಎರಡು ವರ್ಷ ದಾಟಿತ್ತು. ಸ್ಥಳಾಂತರದ ಭರವಸೆಯನ್ನು ಸರ್ಕಾರ ಮತ್ತೊಮ್ಮೆ ಕೊಟ್ಟಿತು.

ಸಣ್ಣ ಘಟಕದ ಮಾಲೀಕನಿಗೆ ಹೊಸ ಜಾಗ, ಹೊಸ ಪರವಾನಗಿ, ಹೊಸ ಯಂತ್ರ ಎಲ್ಲವೂ ಖರ್ಚು. ಕಾರ್ಮಿಕನಿಗೆ ನಡೆದು ಹೋಗುವ ದೂರದ ಕೆಲಸ ಕೈತಪ್ಪುತ್ತದೆ. ಇನ್ನು ಪಾತಾಳಗಂಗಾ ನದಿ ದಂಡೆಯ ಹಳ್ಳಿಗಳಿಗೆ ರಾಸಾಯನಿಕ ಹೊಸದಲ್ಲ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಆರ್ಗ್ಯಾನಿಕ್ ಕೆಮಿಕಲ್ಸ್ ಬಣ್ಣದ ಉದ್ಯಮಕ್ಕೆ ಬೇಕಾದ ಅನಿಲೀನ್ ತಯಾರಿಸುತ್ತಿದ್ದದ್ದು ಅಲ್ಲೇ. ಆ ಕಾರ್ಖಾನೆ ಈಗ ಮುಚ್ಚಿದೆ. ಅಲ್ಲಿನ ಊರಿನ ಹೆಸರು ಮಾತ್ರ ಇಂದಿಗೂ ರಸಾಯನಿ.