ಕುದುರೆಯ ಬೆನ್ನೇ ಊರುಗೋಲು

ಧರ್ಮಸ್ಥಳಕ್ಕೆ ಬಂದ ಮಕ್ಕಳಿಗೆ ಮಂಜುನಾಥನ ದರ್ಶನಕ್ಕಿಂತ ಮೊದಲು ಬೇಕಾದದ್ದು ದೇವಸ್ಥಾನದ ಆನೆ. ಅದು ಸೊಂಡಿಲೆತ್ತಿ ತಲೆ ಮುಟ್ಟಿದರೆ ಅಳುವ ಮಗುವೂ ನಕ್ಕೀತು. ಪ್ರಾಣಿಯ ಸಹವಾಸ ಮಗುವಿನ ಮುಖ ಅರಳಿಸುವುದು ಹೊಸ ಸುದ್ದಿಯೇನಲ್ಲ. ಆದರೆ ಬೆನ್ನು ನಿಲ್ಲದ, ಕಾಲು ಸೆಟೆದುಕೊಂಡ ಮಗುವನ್ನು ಪ್ರಾಣಿಯೊಂದು ನೆಟ್ಟಗೆ ಕೂರಿಸೀತೇ?

ಕೂರಿಸೀತು ಎನ್ನುತ್ತಾರೆ ಕುದುರೆ ಚಿಕಿತ್ಸೆ ಬಲ್ಲವರು. ಇದಕ್ಕೆ ಹಿಪ್ಪೋಥೆರಪಿ ಎಂದು ಹೆಸರು. (ನೀರಾನೆಗೂ ಇದಕ್ಕೂ ಸಂಬಂಧವಿಲ್ಲ, ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ.)

ಗುಟ್ಟಿರುವುದು ಕುದುರೆಯ ಓಟದಲ್ಲಲ್ಲ, ನಡಿಗೆಯಲ್ಲಿ. ನಿಧಾನವಾಗಿ ಹೆಜ್ಜೆ ಹಾಕುವ ಕುದುರೆಯ ಬೆನ್ನು ಸವಾರನ ಸೊಂಟವನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತೂಗುತ್ತದೆ. ಆರೋಗ್ಯವಂತ ಮನುಷ್ಯ ನಡೆಯುವಾಗ ಅವನ ಸೊಂಟ ಹೊರಳುವುದೂ ಹೆಚ್ಚುಕಡಿಮೆ ಹೀಗೆಯೇ. ಎಂದರೆ, ಒಂದು ಹೆಜ್ಜೆಯನ್ನೂ ಇಟ್ಟಿರದ ಮಗುವಿನ ಮೈಗೆ ನಡಿಗೆಯ ಅನುಭವ ಸಿಗುತ್ತದೆ. ಪ್ರತಿ ಹೆಜ್ಜೆಗೂ ವಾಲದಂತೆ ಮೈ ಹಿಡಿದಿಟ್ಟುಕೊಳ್ಳಬೇಕು. ಆ ಪ್ರಯತ್ನವೇ ವ್ಯಾಯಾಮ. ಒಬ್ಬರು ಕುದುರೆ ಹಿಡಿದು ಮುಂದೆ, ಇಬ್ಬರು ಮಗುವಿನ ಅಕ್ಕಪಕ್ಕ. ಮಗುವಿಗಂತೂ ಇದು ಆಟ.

ಈ ವಿದ್ಯೆಯತ್ತ ಲೋಕದ ಕಣ್ಣು ಹೊರಳಿಸಿದ ಹೆಣ್ಣುಮಗಳು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, ಬಸುರಿಯಾಗಿದ್ದಾಗ ಪೋಲಿಯೊ ಬಡಿಯಿತು. ಮೊಣಕಾಲಿನಿಂದ ಕೆಳಗೆ ಸ್ವಾಧೀನ ತಪ್ಪಿತು. ಆಕೆ ಕುದುರೆ ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕುದುರೆ ಹತ್ತಲು ಇಳಿಯಲು ಇನ್ನೊಬ್ಬರ ಕೈ ಬೇಕಾಗಿದ್ದ ಈಕೆ, ಗಂಡಸರೊಡನೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದಳು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಪದಕದ ವೇದಿಕೆಗೆ ಆಕೆಯನ್ನು ಹತ್ತಿಸಿದ. ಮುಂದೆ 1969ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರ ಸವಾರಿ ಸಂಘವೇ ಹುಟ್ಟಿತು. ಅಮೆರಿಕದಲ್ಲಿ ಕೆಲವು ಕ್ರೈಸ್ತ ಸಂಸ್ಥೆಗಳು ಇಂಥ ಕೆಲಸವನ್ನು ದೇವರ ಸೇವೆಯೆಂದೇ ಕೈಗೆತ್ತಿಕೊಂಡಿವೆ. ಒರೆಗಾನ್ ರಾಜ್ಯದಲ್ಲಿ 1995ರಲ್ಲಿ ಆರಂಭವಾದ ಕ್ರಿಸ್ಟಲ್ ಪೀಕ್ಸ್ ಎಂಬ ಸಂಸ್ಥೆ ಹಿಂಸೆಯಿಂದ ಸೊರಗಿದ ಕುದುರೆಗಳನ್ನು ಸಲಹಿ, ನೊಂದ ಮಕ್ಕಳಿಗೆ ಜತೆಗೂಡಿಸಿತು.

ಹಾಗೆಂದು ಇದು ಪವಾಡವಲ್ಲ. ಮಿದುಳಿನ ಊನದಿಂದ ಕೈಕಾಲು ಸೆಟೆದ ಮಕ್ಕಳಲ್ಲಿ ಕೂರುವ ಭಂಗಿ, ಸಮತೋಲನ ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ; ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣವು. ಹತೋಟಿಗೆ ಬಾರದ ಮೂರ್ಛೆರೋಗ ಇದ್ದವರನ್ನು, ಸೊಂಟದ ಕೀಲು ತಪ್ಪಿದವರನ್ನು ವೈದ್ಯರನ್ನು ಕೇಳದೆ ಹತ್ತಿಸುವಂತಿಲ್ಲ.

ಇಷ್ಟಕ್ಕೂ ಕುದುರೆ ಎಲ್ಲಿದೆ? ಬೆಂಗಳೂರಿನಲ್ಲಿ ಈ ಚಿಕಿತ್ಸೆ ಕಾಲಿಟ್ಟಿದೆ. ಅದರ ಅಗತ್ಯವುಳ್ಳವರು ಧರ್ಮಸ್ಥಳದ ಮಗ್ಗುಲಲ್ಲೇ ಇದ್ದಾರೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತ ಗೇರು ತೋಪುಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿತು. ಬಾಧಿತರೆಂದು ಸರ್ಕಾರವೇ ಗುರುತಿಸಿ ಮಾಸಾಶನ ಕೊಟ್ಟವರಲ್ಲಿ ಹಾಸಿಗೆ ಬಿಟ್ಟೇಳದವರೂ ಇದ್ದಾರೆ. ಶಿರಾಡಿ ಘಾಟಿ ಹತ್ತಿ ವಾರವಾರ ಬೆಂಗಳೂರಿಗೆ ಹೋಗುವ ಮಾತು ಬಿಡಿ, ಅಂಗಳ ದಾಟಿಸಿ ಬಸ್ಸಿಗೆ ಹತ್ತಿಸುವುದೇ ಯುದ್ಧ. ಕರಾವಳಿಯ ಮಳೆಯಲ್ಲಿ ಕುದುರೆ ಸಾಕುವುದು ಕೂಡ ದುಬಾರಿ ಬಾಬತ್ತು.

ಕುದುರೆಯ ಬದಲು ಉರುಳೆಯಾಕಾರದ ದಿಂಬು ಇದೆ. ಅದರ ಆಚೀಚೆ ಕಾಲು ಇಳಿಬಿಟ್ಟು ಮಗುವನ್ನು ಕೂರಿಸಿ ಮೆಲ್ಲಗೆ ತೂಗುವುದು ಫಿಸಿಯೋಥೆರಪಿಯ ಹಳೆಯ ಕ್ರಮ. ಕುದುರೆಯ ಲಯ ಅದಕ್ಕಿಲ್ಲ, ಆದರೆ ಅದು ಬಾಗಿಲಿಗೇ ಬಂದೀತು. ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ತೆರೆಯಿತು. ಬೆಳ್ತಂಗಡಿಯ ಲಾಯಿಲದಲ್ಲಿ ಕಪುಚಿನ್ ಪಾದ್ರಿಗಳ ದಯಾ ವಿಶೇಷ ಶಾಲೆ ಇದೆ. ಸಾಲದಿರುವುದು ತರಬೇತಾದ ಕೈಗಳು, ಮತ್ತು ಸಮಯ. ವಿಷ ಸುರಿದ ಕಾಲದ ಮಕ್ಕಳು ಈಗ ಮಕ್ಕಳಾಗಿ ಉಳಿದಿಲ್ಲ; ದಿನವೂ ಅವರನ್ನು ಎತ್ತಿ ಕೂರಿಸುವ ತಾಯಂದಿರಿಗೆ ವಯಸ್ಸಾಗಿದೆ.