ಹೈಬ್ರಿಡ್ ಮೈಲೇಜೂ ಬೇಕು, ಆಲ್-ವೀಲ್ ಡ್ರೈವೂ ಬೇಕಾ? ಬುಕಿಂಗ್‌ಗೆ ಮುನ್ನ ಈ ಲೆಕ್ಕ ನೋಡಿ

ಪುಣೆ: ವಾರದಲ್ಲಿ ಐದು ದಿನ ಹಿಂಜೆವಾಡಿ ಐಟಿ ಪಾರ್ಕ್ ಟ್ರಾಫಿಕ್‌ನಲ್ಲಿ ಆಮೆ ನಡಿಗೆ. ಶನಿವಾರ ಬಂತೆಂದರೆ ಮುಳಶಿ, ತಾಮ್ಹಿಣಿ ಘಾಟ್, ಮಹಾಬಳೇಶ್ವರ. ಹಬ್ಬಕ್ಕೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಬೆಳಗಾವಿ, ಹುಬ್ಬಳ್ಳಿ ಅಥವಾ ಇನ್ನೂ ಮುಂದಿನ ಊರು. ಪುಣೆಯಲ್ಲಿ ನೆಲೆಸಿರುವ ಅನೇಕ ಕನ್ನಡಿಗ ಕುಟುಂಬಗಳ ಕಾರಿನ ಓಡಾಟ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಹೊಸ ಕಾರು ನೋಡಲು ಹೊರಟವರ ಬೇಡಿಕೆಯೂ ಎರಡೇ. ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕುಡಿಯಬಾರದು, ಮಳೆಗಾಲದ ಕೆಸರಿನಲ್ಲಿ ಕೈಕೊಡಬಾರದು.

ಶೋರೂಮ್‌ನಲ್ಲಿ ಎರಡಕ್ಕೂ ‘ಇದೆ’ ಎಂಬ ಉತ್ತರವೇ ಸಿಗುತ್ತದೆ. ಲೀಟರ್‌ಗೆ ಹತ್ತಿರ ಹತ್ತಿರ 28 ಕಿ.ಮೀ. ಕೊಡುವ ಹೈಬ್ರಿಡ್ ಇದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್-ವೀಲ್ ಡ್ರೈವ್ ಕೂಡ ಇದೆ. ಎರಡೂ ಸುಳ್ಳಲ್ಲ. ಆದರೆ ಸಾಮಾನ್ಯ ಕುಟುಂಬದ ಬಜೆಟ್‌ನಲ್ಲಿ ಈ ಎರಡೂ ಒಂದೇ ಕಾರಿನಲ್ಲಿ ಸಿಗುವುದಿಲ್ಲ. ಒಂದೇ ಮಾಡೆಲ್, ಒಂದೇ ಬ್ರೋಷರ್, ಬೇರೆ ಬೇರೆ ವೇರಿಯಂಟ್. ಗೊಂದಲ ಹುಟ್ಟುವುದೇ ಇಲ್ಲಿ.

ಹೈಬ್ರಿಡ್‌ನಲ್ಲೂ ಎರಡು ಜಾತಿ

‘ಹೈಬ್ರಿಡ್’ ಎಂಬ ಒಂದೇ ಪದದ ಕೆಳಗೆ ಎರಡು ಬೇರೆಯೇ ತಂತ್ರಜ್ಞಾನಗಳು ಮಾರಾಟವಾಗುತ್ತಿವೆ. ಮೊದಲನೆಯದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಎಂಜಿನ್‌ಗೆ ಬೆಲ್ಟ್ ಮೂಲಕ ಜೋಡಿಸಿದ ಪುಟ್ಟ ಮೋಟಾರ್-ಜನರೇಟರ್ ಇರುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು, ವೇಗ ಹೆಚ್ಚಿಸುವಾಗ ಸ್ವಲ್ಪ ಕೈಜೋಡಿಸುವುದು ಇದರ ಕೆಲಸ. ಮೋಟಾರ್ ಒಂದೇ ಕಾರನ್ನು ಎಳೆಯಲಾರದು.

ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಇದರ ಮೋಟಾರ್ ಕಡಿಮೆ ವೇಗದಲ್ಲಿ ಎಂಜಿನ್ ಸಹಾಯವಿಲ್ಲದೆಯೇ ಕಾರನ್ನು ಮುಂದಕ್ಕೆ ಒಯ್ಯುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಹಿಂದಿರುಗುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಗೋಜಿಲ್ಲ. ನಿಂತು ನಿಂತು ಸಾಗುವ ಟ್ರಾಫಿಕ್ ಸಾಮಾನ್ಯ ಪೆಟ್ರೋಲ್ ಕಾರಿಗೆ ಶತ್ರು, ಸ್ಟ್ರಾಂಗ್ ಹೈಬ್ರಿಡ್‌ಗೆ ಅದೇ ಅಚ್ಚುಮೆಚ್ಚಿನ ಜಾಗ.

ಹೆಸರುಗಳ ಬಗ್ಗೆ ಎಚ್ಚರವಿರಲಿ. ಮೈಲ್ಡ್ ಹೈಬ್ರಿಡ್‌ಗೆ ಮಾರುತಿ ಸುಜುಕಿ ‘ಸ್ಮಾರ್ಟ್ ಹೈಬ್ರಿಡ್’ ಎಂದೂ ಟೊಯೋಟಾ ‘ನಿಯೋ ಡ್ರೈವ್’ ಎಂದೂ ಹೆಸರಿಟ್ಟಿವೆ. ಸ್ಟ್ರಾಂಗ್ ಹೈಬ್ರಿಡ್‌ಗೆ ಮಾರುತಿಯ ಹೆಸರು ‘ಇಂಟೆಲಿಜೆಂಟ್ ಎಲೆಕ್ಟ್ರಿಕ್ ಹೈಬ್ರಿಡ್’. ಸ್ಮಾರ್ಟ್‌ಗೂ ಇಂಟೆಲಿಜೆಂಟ್‌ಗೂ ಇಷ್ಟೊಂದು ವ್ಯತ್ಯಾಸ ಇರಬಹುದೆಂದು ಹೆಸರು ಕೇಳಿ ಯಾರಿಗೂ ಹೊಳೆಯುವುದಿಲ್ಲ ಬಿಡಿ.

ಬಿಡದಿಯಲ್ಲಿ ಹುಟ್ಟಿದ ಅವಳಿ

2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಈ ಚರ್ಚೆಯ ಕೇಂದ್ರದಲ್ಲಿರುವ ಕಾರುಗಳು. ಎರಡೂ ತಯಾರಾಗುವುದು ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಘಟಕದಲ್ಲಿ. ಮುಖ, ಲೋಗೊ ಬೇರೆಯಾದರೂ ಒಳಗಿನ ಎಂಜಿನ್‌ಗಳು ಒಂದೇ.

ಗ್ರ್ಯಾಂಡ್ ವಿಟಾರಾ ಬಿಡುಗಡೆಯಾದಾಗ ಕಂಪನಿ ಕೊಟ್ಟ ಅಂಕಿಗಳನ್ನೇ ನೋಡಿ. ಸ್ಟ್ರಾಂಗ್ ಹೈಬ್ರಿಡ್ ಲೀಟರ್‌ಗೆ 27.97 ಕಿ.ಮೀ. ಮೈಲ್ಡ್ ಹೈಬ್ರಿಡ್ ಮ್ಯಾನುವಲ್ 21.11 ಕಿ.ಮೀ. ಅದೇ ಮೈಲ್ಡ್ ಹೈಬ್ರಿಡ್ ಮ್ಯಾನುವಲ್‌ಗೆ ‘ಆಲ್‌ಗ್ರಿಪ್’ ಆಲ್-ವೀಲ್ ಡ್ರೈವ್ ಸೇರಿದರೆ 19.38 ಕಿ.ಮೀ. ಮೊದಲನೆಯದು ಮುಂದಿನ ಚಕ್ರಗಳಿಂದ ಮಾತ್ರ ಓಡುವ ಕಾರು. ಅದಕ್ಕೆ ಆಲ್-ವೀಲ್ ಡ್ರೈವ್ ಆಯ್ಕೆಯೇ ಇಲ್ಲ.

ಆರಂಭದಲ್ಲಿ ಆಲ್-ವೀಲ್ ಡ್ರೈವ್ ಬೇಕೆಂದವರು ಮ್ಯಾನುವಲ್ ಗೇರ್‌ಗೇ ತೃಪ್ತಿಪಡಬೇಕಿತ್ತು. 2025ರಲ್ಲಿ ಎರಡೂ ಕಾರುಗಳಿಗೆ ಆರು ಗೇರ್‌ಗಳ ಆಟೋಮ್ಯಾಟಿಕ್ ಸೇರಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಮಾರುತಿ ವಿಕ್ಟೋರಿಸ್‌ನಲ್ಲೂ ಕಥೆ ಬದಲಾಗಲಿಲ್ಲ. ಅಲ್ಲೂ ಸ್ಟ್ರಾಂಗ್ ಹೈಬ್ರಿಡ್ ಒಂದು ಕಡೆ, ಆಲ್‌ಗ್ರಿಪ್ ಇನ್ನೊಂದು ಕಡೆ. ಏಳೆಂಟು ಮಂದಿಯ ಕುಟುಂಬಗಳ ಅಚ್ಚುಮೆಚ್ಚಿನ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕೂಡ ಮುಂಚಕ್ರದ ಕಾರೇ. ಹೋಂಡಾ ಸಿಟಿ ಹೈಬ್ರಿಡ್ ಸೆಡಾನ್ ಕೂಡ ಅಷ್ಟೇ.

ಎರಡನ್ನೂ ಸೇರಿಸಲು ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಹಿಂದಿನ ಆಕ್ಸಲ್‌ಗೆ ಪ್ರತ್ಯೇಕ ವಿದ್ಯುತ್ ಮೋಟಾರ್ ಕೂರಿಸಿದರೆ ಆಯಿತು. ಮುಂದಿನಿಂದ ಹಿಂದಕ್ಕೆ ಉದ್ದನೆಯ ಶಾಫ್ಟ್ ಎಳೆಯಬೇಕಿಲ್ಲ. ಟೊಯೋಟಾ ಜಪಾನ್‌ನಲ್ಲಿ 2001ರಲ್ಲೇ ಎಸ್ಟಿಮಾ ಹೈಬ್ರಿಡ್‌ನಲ್ಲಿ ಇದನ್ನು ಮಾಡಿ ತೋರಿಸಿದೆ. ಅಮೆರಿಕದಲ್ಲಿರುವ ನಿಮ್ಮ ಸಂಬಂಧಿಕರು ‘ನಮ್ಮ ರಾವ್4 ಹೈಬ್ರಿಡ್‌ಗೆ ನಾಲ್ಕೂ ಚಕ್ರದ ಡ್ರೈವ್ ಇದೆಯಲ್ಲ’ ಎಂದರೆ ಅದು ಇದೇ ವ್ಯವಸ್ಥೆ. ಭಾರತದಲ್ಲೂ ಲೆಕ್ಸಸ್ ಎನ್‌ಎಕ್ಸ್ 350ಎಚ್ ಇದೇ ಮಾದರಿಯಲ್ಲಿ ಸಿಗುತ್ತದೆ. ಎಕ್ಸ್-ಶೋರೂಮ್ ದರವೇ 60 ಲಕ್ಷ ರೂ. ದಾಟುವುದರಿಂದ ಅದರ ಮಾತು ಇಲ್ಲಿಗೇ ಸಾಕು.

28 ಕಿ.ಮೀ. ಎಂಬ ಅಂಕಿ ಬರುವುದು ಎಲ್ಲಿಂದ?

ಜಾಹೀರಾತಿನ ಮೈಲೇಜ್‌ಗೆ ಜನ ‘ಎಆರ್‌ಎಐ ಮೈಲೇಜ್’ ಎನ್ನುವುದು ವಾಡಿಕೆ. ಆ ಹೆಸರಿನ ಸಂಸ್ಥೆ ಇರುವುದು ಪುಣೆಯಲ್ಲೇ. 1966ರಲ್ಲಿ ಸ್ಥಾಪನೆಯಾದ ಭಾರತೀಯ ವಾಹನ ಸಂಶೋಧನಾ ಸಂಘ, ಕೋಥ್ರೂಡ್ ಬಳಿಯ ವೇತಾಳ ಬೆಟ್ಟದ ಮೇಲಿದೆ. ಬೆಳಗ್ಗೆ ಬೆಟ್ಟಕ್ಕೆ ವಾಕಿಂಗ್ ಹೋಗುವ ಪುಣೆಕರರಿಗೆ ಈ ಕ್ಯಾಂಪಸ್ ಚೆನ್ನಾಗಿಯೇ ಗೊತ್ತು. ಪ್ರಮಾಣಪತ್ರ ಕೊಡುವ ಬೇರೆ ಅಧಿಕೃತ ಸಂಸ್ಥೆಗಳೂ ದೇಶದಲ್ಲಿವೆ, ಆದರೆ ಜನರ ಬಾಯಲ್ಲಿ ಉಳಿದದ್ದು ಈ ಹೆಸರು.

ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ರೋಲರ್‌ಗಳ ಮೇಲೆ. ಕಾರು ನಿಂತಲ್ಲೇ ಇರುತ್ತದೆ, ಚಕ್ರ ತಿರುಗುತ್ತದೆ. ಈವರೆಗೆ ಬಳಕೆಯಲ್ಲಿರುವ ಪರೀಕ್ಷಾ ಚಕ್ರಕ್ಕೆ 1,180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ನಗರ ಭಾಗದಲ್ಲಿ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ., ನಗರದ ಹೊರಗಿನ ಭಾಗದಲ್ಲಿ 90 ಕಿ.ಮೀ. ಎಸಿ ಆಫ್. ಎದುರು ಗಾಳಿ, ಗುಂಡಿ, ಖಂಬಾಟ್ಕಿ ಘಾಟ್‌ನ ಏರು ಯಾವುದೂ ಇಲ್ಲ.

ಹಾಗಾಗಿ ನಿಮ್ಮ ಕೈಗೆ ಅಷ್ಟೇ ಮೈಲೇಜ್ ಬರುತ್ತದೆಂದು ನಂಬಬೇಡಿ. ಈ ಅಂಕಿಗೆ ಬೆಲೆ ಇರುವುದು ಹೋಲಿಕೆಗೆ. ಎಲ್ಲ ಕಾರುಗಳೂ ಒಂದೇ ಪರೀಕ್ಷೆ ಬರೆದಿರುವುದರಿಂದ ಯಾವುದು ಯಾವುದಕ್ಕಿಂತ ಎಷ್ಟು ಮುಂದೆ ಎಂಬುದು ತಿಳಿಯುತ್ತದೆ. ಇನ್ನೊಂದು ವಿಷಯವಿದೆ. ಈ ಪರೀಕ್ಷೆಯ ನಿಧಾನಗತಿ ಸ್ಟ್ರಾಂಗ್ ಹೈಬ್ರಿಡ್‌ಗೆ ಹೇಳಿ ಮಾಡಿಸಿದಂತಿದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿಸಿದರೆ ಮೋಟಾರ್‌ಗೆ ಕೆಲಸ ಕಡಿಮೆ, ಎಂಜಿನ್‌ಗೇ ಹೆಚ್ಚು. ಮೈಲ್ಡ್ ಹೈಬ್ರಿಡ್ ಜೊತೆಗಿನ ಅಂತರ ಅಲ್ಲಿ ಕಿರಿದಾಗುತ್ತದೆ.

ವರ್ಷಕ್ಕೆ ಎಷ್ಟು ಲೀಟರ್?

ವರ್ಷಕ್ಕೆ 12,000 ಕಿ.ಮೀ. ಓಡಾಟ ಎಂದುಕೊಳ್ಳೋಣ. ಮೇಲಿನ ಅಂಕಿಗಳ ಪ್ರಕಾರ ಸ್ಟ್ರಾಂಗ್ ಹೈಬ್ರಿಡ್‌ಗೆ ಸುಮಾರು 429 ಲೀಟರ್ ಪೆಟ್ರೋಲ್ ಬೇಕು. ಮುಂಚಕ್ರದ ಮೈಲ್ಡ್ ಹೈಬ್ರಿಡ್‌ಗೆ 568 ಲೀಟರ್. ಆಲ್-ವೀಲ್ ಡ್ರೈವ್ ಕಾರಿಗೆ 619 ಲೀಟರ್.

ಇಲ್ಲೊಂದು ಸ್ವಾರಸ್ಯವಿದೆ. ಆಲ್-ವೀಲ್ ಡ್ರೈವ್ ಎಂದರೆ ಪೆಟ್ರೋಲ್ ಕುಡಿಯುವ ರಾಕ್ಷಸ ಎಂಬ ಮಾತು ಚಾಲ್ತಿಯಲ್ಲಿದೆ. ಆದರೆ ಅದು ಹೆಚ್ಚುವರಿಯಾಗಿ ಕುಡಿಯುವುದು ವರ್ಷಕ್ಕೆ ಬರೀ 50 ಲೀಟರ್‌ನಷ್ಟು. ಲೀಟರ್‌ಗೆ 104 ರೂ. ಎಂದು ಹಿಡಿದರೆ 5,300 ರೂ. ಆಸುಪಾಸು. ನಿಜವಾದ ಪೆಟ್ಟು ಬೀಳುವುದು ಸ್ಟ್ರಾಂಗ್ ಹೈಬ್ರಿಡ್ ಕೈಬಿಡುವುದರಿಂದ, ಅದು 140 ಲೀಟರ್. ಎರಡೂ ಸೇರಿ 190 ಲೀಟರ್, ಸುಮಾರು 20 ಸಾವಿರ ರೂ. ದಿನಾ ಟ್ರಾಫಿಕ್‌ನಲ್ಲೇ ಓಡಿಸುವವರಿಗೆ ಈ ಅಂತರ ಇನ್ನೂ ದೊಡ್ಡದಾಗಬಹುದು.

ಎದುರಿಗಿರುವ ಪ್ರಶ್ನೆ ಇಷ್ಟೇ: ವರ್ಷಕ್ಕೆ 20 ಸಾವಿರ ರೂ. ಕೊಟ್ಟು ಹಿಂದಿನ ಎರಡು ಚಕ್ರಗಳಿಗೂ ಶಕ್ತಿ ಪಡೆಯುವ ಅಗತ್ಯ ನಿಮಗಿದೆಯೇ?

ಘಾಟ್ ರಸ್ತೆಗೆ ನಾಲ್ಕೂ ಚಕ್ರ ಬೇಕೇ?

ಬಹುಪಾಲು ಜನರಿಗೆ ಬೇಡ. ತಾಮ್ಹಿಣಿ ಆಗಲಿ, ಮಹಾಬಳೇಶ್ವರದ ದಾರಿಯ ಪಸರಣಿ ಘಾಟ್ ಆಗಲಿ ಡಾಂಬರು ರಸ್ತೆಗಳು. ಜಡಿಮಳೆಯಲ್ಲೂ ಮುಂಚಕ್ರದ ಕಾರುಗಳು, ಹಳೆಯ ಎಸ್‌ಟಿ ಬಸ್ಸುಗಳು ಅಲ್ಲಿ ಹತ್ತಿ ಇಳಿಯುತ್ತಲೇ ಇವೆ. ಆಲ್-ವೀಲ್ ಡ್ರೈವ್ ನೆರವಾಗುವುದು ಕಾರನ್ನು ಮುಂದಕ್ಕೆ ತಳ್ಳುವಾಗ. ಬ್ರೇಕ್ ಹಾಕಿದಾಗ ಬೇಗ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಒದ್ದೆ ಇಳಿಜಾರಿನ ತಿರುವಿನಲ್ಲಿ ನಿಮ್ಮನ್ನು ಕಾಯುವುದು ಟೈರ್‌ನ ಹಲ್ಲುಗಳು ಮತ್ತು ನಿಮ್ಮ ವೇಗ. ಸವೆದ ಟೈರ್ ಹಾಕಿದ ಆಲ್-ವೀಲ್ ಡ್ರೈವ್‌ಗಿಂತ ಹೊಸ ಟೈರ್‌ನ ಮುಂಚಕ್ರದ ಕಾರು ಅಲ್ಲಿ ಮೇಲು.

ನೆರೆ ನೀರಿಗಂತೂ ಇದು ಮದ್ದೇ ಅಲ್ಲ. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿ ಜಲಾವೃತವಾಗಿತ್ತು. ಅಂಥ ನೀರಿನಲ್ಲಿ ಎರಡು ಚಕ್ರ ತಿರುಗಿದರೇನು, ನಾಲ್ಕು ತಿರುಗಿದರೇನು? ಎಂಜಿನ್‌ಗೆ ನೀರು ನುಗ್ಗಿದರೆ ಕಥೆ ಮುಗಿಯಿತು.

ಹಾಗಾದರೆ ಯಾರಿಗೆ ಬೇಕು? ಮುಳಶಿ, ವೆಲ್ಹೆ ಕಡೆ ಹೊಲ-ತೋಟ ಮಾಡಿಕೊಂಡು ಕೊನೆಯ ಒಂದೆರಡು ಕಿಲೋಮೀಟರ್ ಮಣ್ಣಿನ ಏರು ಹತ್ತಬೇಕಾದವರಿಗೆ. ಊರು ಸಕಲೇಶಪುರ ಅಥವಾ ಕೊಡಗಿನಲ್ಲಿದ್ದು, ಆಷಾಢದಲ್ಲೂ ಕಾಫಿ ತೋಟದ ಮನೆಗೆ ಕಾರು ಮುಟ್ಟಲೇಬೇಕು ಎನ್ನುವವರಿಗೆ. ಹಸಿ ಮಣ್ಣಿನಲ್ಲಿ ಮುಂದಿನ ಚಕ್ರ ಜಾರಿ ಅಲ್ಲೇ ತಿರುಗತೊಡಗಿದಾಗ ಆಲ್‌ಗ್ರಿಪ್ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುತ್ತದೆ. ಆಟೋ, ಸ್ಪೋರ್ಟ್, ಸ್ನೋ, ಲಾಕ್ ಎಂಬ ನಾಲ್ಕು ಮೋಡ್‌ಗಳಿವೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಬೇಕಾಗುವುದು ಲಾಕ್. ಆದರೆ ಇದು ಜೀಪ್ ಅಲ್ಲ, ಲೋ-ರೇಂಜ್ ಗೇರ್ ಇಲ್ಲ. ಬಂಡೆ ಹತ್ತುವ ಆಸೆ ಇಟ್ಟುಕೊಳ್ಳಬೇಡಿ.

ಖರ್ಚಿನ ಒಂದು ಮೂಲೆಯನ್ನು ಶೋರೂಮ್‌ನವರು ತಾವಾಗಿ ಹೇಳುವುದು ಕಡಿಮೆ. ಆಲ್-ವೀಲ್ ಡ್ರೈವ್ ಕಾರಿನಲ್ಲಿ ನಾಲ್ಕೂ ಟೈರ್‌ಗಳ ಸವೆತ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು ಟೈರ್ ಸೀಳಿತೆಂದು ಒಂದನ್ನೇ ಹೊಸದು ಹಾಕಿಸಿದರೆ ವ್ಯಾಸದಲ್ಲಿ ವ್ಯತ್ಯಾಸ ಬಂದು ಡ್ರೈವ್ ವ್ಯವಸ್ಥೆಯ ಮೇಲೆ ಒತ್ತಡ ಬೀಳುತ್ತದೆ.

ಘಾಟಿಯಲ್ಲಿ ಸ್ಟ್ರಾಂಗ್ ಹೈಬ್ರಿಡ್ ನಡವಳಿಕೆ

ಸ್ಟ್ರಾಂಗ್ ಹೈಬ್ರಿಡ್ ತೆಗೆದುಕೊಳ್ಳುವವರೂ ಒಂದು ವಿಷಯ ತಿಳಿದಿರಬೇಕು. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಹೈಬ್ರಿಡ್ ಬ್ಯಾಟರಿ 0.76 ಕಿಲೋವ್ಯಾಟ್ ಅವರ್ ಮಾತ್ರ. ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿಯೊಂದರ ಬ್ಯಾಟರಿಯ ನೂರನೇ ಒಂದು ಭಾಗ. ಉದ್ದನೆಯ ಏರಿನಲ್ಲಿ ಅದು ಬೇಗ ಬರಿದಾಗುತ್ತದೆ. ಆಮೇಲೆ ಭಾರವೆಲ್ಲ 1.5 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್ ಮೇಲೆ. ಐದು ಜನ, ತುಂಬಿದ ಡಿಕ್ಕಿ ಇದ್ದರೆ ಎಂಜಿನ್ ಸದ್ದು ಜೋರಾಗಿಯೇ ಕೇಳುತ್ತದೆ. ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ಆಗ ಬ್ರೇಕ್ ಒಂದನ್ನೇ ನೆಚ್ಚಿಕೊಳ್ಳದೆ ಗೇರ್ ಲಿವರ್‌ನ ‘ಬಿ’ ಸ್ಥಾನ ಬಳಸಬೇಕು. ಡಿಕ್ಕಿಯ ನೆಲದಡಿ ಬ್ಯಾಟರಿ ಇರುವುದರಿಂದ ಲಗೇಜ್ ಜಾಗವೂ ಮೈಲ್ಡ್ ಹೈಬ್ರಿಡ್‌ಗಿಂತ ಕಡಿಮೆ. ಊರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಕೊಂಡು ಬರುವವರು ಡಿಕ್ಕಿ ತೆರೆಸಿ ನೋಡಿಯೇ ತೀರ್ಮಾನಿಸಿ.

ಬ್ಯಾಟರಿ ಹಾಳಾದರೆ ಎಂಬ ಭಯಕ್ಕೆ ಉತ್ತರವಾಗಿ ಎರಡೂ ಕಂಪನಿಗಳು ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ.

ಬಜೆಟ್ ಹಿಗ್ಗಿದರೆ ಬೇರೆ ದಾರಿಗಳೂ ಇವೆ. 2025ರ ಜೂನ್‌ನಲ್ಲಿ ಬಂದ ಟೊಯೋಟಾ ಫಾರ್ಚೂನರ್ ನಿಯೋ ಡ್ರೈವ್ ಫೋರ್-ವೀಲ್ ಡ್ರೈವ್ ಹೊಂದಿದೆ, ಆದರೆ ಅದು 48 ವೋಲ್ಟ್‌ನ ಮೈಲ್ಡ್ ಹೈಬ್ರಿಡ್ ಡೀಸೆಲ್. ಮೈಲೇಜ್‌ಗಾಗಿ ಯಾರೂ ಫಾರ್ಚೂನರ್ ಕೊಳ್ಳುವುದಿಲ್ಲ. ಅದೇ ತಿಂಗಳು ಬಂದ, ಪುಣೆಯಲ್ಲೇ ತಯಾರಾಗುವ ಟಾಟಾ ಹ್ಯಾರಿಯರ್ ಇವಿಯ ಕ್ಯೂಡಬ್ಲ್ಯುಡಿ ವೇರಿಯಂಟ್‌ನಲ್ಲಿ ಮುಂದೊಂದು, ಹಿಂದೊಂದು ಮೋಟಾರ್ ಇದೆ. ಮನೆಯಲ್ಲಿ ಚಾರ್ಜರ್ ಹಾಕಿಸುವ ಅನುಕೂಲ ಇದ್ದವರಿಗೆ ಆಲ್-ವೀಲ್ ಡ್ರೈವ್ ಮತ್ತು ಕಡಿಮೆ ಓಡಾಟದ ಖರ್ಚು ಒಟ್ಟಿಗೆ ಸಿಗುವುದು ಇಲ್ಲಿ. ತೆರಿಗೆಯೂ ಅದರ ಪರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ ಎಲೆಕ್ಟ್ರಿಕ್ ಕಾರಿಗೆ ಶೇ 5, ನಾಲ್ಕು ಮೀಟರ್‌ಗಿಂತ ಉದ್ದದ ಹೈಬ್ರಿಡ್‌ಗೆ ಶೇ 40.

ನಂಬರ್ ಪ್ಲೇಟ್ ಎಂಎಚ್-12 ಅಥವಾ ಕೆಎ?

ಕನ್ನಡಿಗರಿಗೆ ಮಾತ್ರ ಬರುವ ಪ್ರಶ್ನೆ ಇದು. 10ರಿಂದ 20 ಲಕ್ಷ ರೂ. ಬೆಲೆಯ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದಲ್ಲಿ ರಸ್ತೆ ತೆರಿಗೆ ಶೇ 12. ಕರ್ನಾಟಕದಲ್ಲಿ ಶೇ 17, ಅದರ ಮೇಲೆ ಸೆಸ್ ಬೇರೆ. 18 ಲಕ್ಷದ ಕಾರಿಗೆ ಸೆಸ್ ಬಿಟ್ಟೇ 90 ಸಾವಿರ ರೂ. ವ್ಯತ್ಯಾಸ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿದಾಗ ದೇಶದೆಲ್ಲೆಡೆ ಸುದ್ದಿಯಾಗಿತ್ತು. ಆದರೆ ಆ ರಿಯಾಯಿತಿ ಅಲ್ಲಿ ನೋಂದಣಿಯಾಗುವ ಕಾರುಗಳಿಗೆ ಮಾತ್ರ ಸೀಮಿತವಾಗಿತ್ತು.

ಪುಣೆಯಲ್ಲಿ ಅಗ್ಗ ಎಂದು ಕೊಂಡು ಊರಿನಲ್ಲಿ ಓಡಿಸೋಣ ಎನ್ನುವ ಲೆಕ್ಕ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ವಾಹನ ಇಟ್ಟುಕೊಂಡರೆ ಅಲ್ಲಿ ಮರು ನೋಂದಣಿ ಕಡ್ಡಾಯ. ಎನ್‌ಒಸಿ ತರಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, ಮಹಾರಾಷ್ಟ್ರದಲ್ಲಿ ಕಟ್ಟಿದ್ದರ ಉಳಿದ ಭಾಗವನ್ನು ವಾಪಸ್ ಪಡೆಯಲು ಅರ್ಜಿ ಹಾಕಿ ಕಾಯಬೇಕು. ಎರಡು-ಮೂರು ವರ್ಷದಲ್ಲಿ ಬೆಂಗಳೂರಿಗೆ ವರ್ಗವಾಗುವ ಸಾಧ್ಯತೆ ಇದ್ದು, ನಿಮ್ಮ ಉದ್ಯೋಗಕ್ಕೆ ಬಿಎಚ್ ಸರಣಿಯ ಅರ್ಹತೆ ಇದ್ದರೆ ಅದನ್ನು ಖರೀದಿಯ ಹೊತ್ತಿಗೇ ವಿಚಾರಿಸಿ.

ಬುಕಿಂಗ್ ಫಾರ್ಮ್‌ನಲ್ಲಿ ಬರೀ ‘ಹೈಬ್ರಿಡ್’ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಸ್ಟ್ರಾಂಗ್ ಹೈಬ್ರಿಡ್ ಆಗಲಿ, ಆಲ್‌ಗ್ರಿಪ್ ಆಗಲಿ, ವೇರಿಯಂಟ್‌ನ ಪೂರ್ತಿ ಹೆಸರು, ಗೇರ್‌ಬಾಕ್ಸ್ ಯಾವುದು, ಎರಡು ಚಕ್ರವೋ ನಾಲ್ಕು ಚಕ್ರವೋ ಎಂಬುದನ್ನು ಬರೆಸಿಕೊಂಡು ಆಮೇಲೆ ಮುಂಗಡ ಕೊಡಿ.