ನಕ್ಷೆಯ ಗೆರೆಯನ್ನು ಪರೀಕ್ಷಿಸಿದ ವಿದ್ವಾಂಸ

ನದಿ, ಅರಣ್ಯ, ಮಾರ್ಗ, ಜನವಸತಿ ಮೊದಲಾದವುಗಳ ವಿವರಗಳನ್ನು ಅವುಗಳ ಸ್ಥಾನದೊಡನೆ ಗಣಕದಲ್ಲಿ ಪದರಪದರವಾಗಿ ಸಂಗ್ರಹಿಸಿ, ಒಂದರ ಮೇಲೊಂದನ್ನಿರಿಸಿ ಪರಿಶೀಲಿಸುವ ಏರ್ಪಾಡಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಎಂದು ಹೆಸರು. ಕೇವಲ ಉಪಕರಣವೆಂದೆಣಿಸಲ್ಪಟ್ಟಿದ್ದ ಇದಕ್ಕೆ ಶಾಸ್ತ್ರದ ಗೌರವವನ್ನು ದೊರಕಿಸಿಕೊಟ್ಟವರಲ್ಲಿ ಮೈಕೆಲ್ ಗುಡ್‌ಚೈಲ್ಡ್ ಅಗ್ರಗಣ್ಯರು.

ಇಂಗ್ಲೆಂಡಿನಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ, 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಿಂದ ಭೂಗೋಳಶಾಸ್ತ್ರದ ಡಾಕ್ಟರೇಟ್ ಪಡೆದ ಅವರು, ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾನಿಲಯದಲ್ಲಿ ಎರಡು ದಶಕಗಳ ಸಮೀಪಕಾಲ ಬೋಧಿಸಿ, ಅನಂತರ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನೆಲೆಸಿದರು.

ನಕ್ಷೆಯ ಗೆರೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಅವರ ಸಂಶೋಧನೆಯ ಜೀವಾಳ. 1:50,000 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯು ನೆಲದ ಮೇಲೆ 25 ಮೀಟರ್ ಅಗಲವನ್ನು ಆವರಿಸುತ್ತದೆ. ಕಾಡು ಕುರುಚಲಾಗಿ, ಕುರುಚಲು ಹುಲ್ಲುಗಾವಲಾಗಿ ಕ್ರಮೇಣ ಮಾರ್ಪಡುವೆಡೆಯಲ್ಲಂತೂ ಗೆರೆಯೇ ಒಂದು ಊಹೆ. ಈ ಅನಿಶ್ಚಿತತೆಯನ್ನು ಮರೆಮಾಚದೆ ಅಳೆದು ಹೇಳುವುದು ಹೇಗೆಂಬುದೇ ಮೊದಲಾದ ಮೂಲಪ್ರಶ್ನೆಗಳ ಅಧ್ಯಯನವನ್ನು ಅವರು 1992ರಲ್ಲಿ ಭೌಗೋಳಿಕ ಮಾಹಿತಿ ವಿಜ್ಞಾನವೆಂದು ಪ್ರತಿಪಾದಿಸಿದರು.

ಬೋಧನಕ್ಷೇತ್ರಕ್ಕೆ ಅವರು ಸಲ್ಲಿಸಿದ ಸೇವೆಯೂ ಕಿರಿದಲ್ಲ. ಪಠ್ಯವೂ ಅಧ್ಯಾಪಕರೂ ವಿರಳವಾಗಿದ್ದ ಕಾಲದಲ್ಲಿ, ಕ್ಯಾರೆನ್ ಕೆಂಪ್ ಅವರೊಡಗೂಡಿ 75 ಪಾಠಗಳ ಪಠ್ಯಕ್ರಮವೊಂದನ್ನು ಸಂಪಾದಿಸಿ, 1990ರಲ್ಲಿ ಪ್ರಕಟಿಸಿ, ಹೊಸದಾಗಿ ಈ ವಿಷಯವನ್ನು ಬೋಧಿಸತೊಡಗಿದ ಅಧ್ಯಾಪಕರಿಗೆ ಆಧಾರ ಒದಗಿಸಿದರು. ಭೌಗೋಳಿಕ ಜ್ಞಾನವನ್ನು ಸಂಗ್ರಹಿಸುವಲ್ಲಿ ಸಾಮಾನ್ಯ ಪ್ರಜೆಯೂ ಭಾಗಿಯಾಗಬಲ್ಲನೆಂದು 2007ರಲ್ಲಿ ಅವರು ತೋರಿಸಿಕೊಟ್ಟರು.

ಅಂಗೈಯ ಮೊಬೈಲಿನಲ್ಲೇ ನಕ್ಷೆ ತೆರೆದುಕೊಳ್ಳುವ ಇಂದಿನ ದಿನಗಳಲ್ಲಿ, ಅದು ಯಾರಿಂದ, ಯಾವ ಅಳತೆಯಿಂದ, ಎಷ್ಟು ನಿಖರವಾಗಿ ರಚಿತವಾಯಿತೆಂದು ವಿಚಾರಿಸುವ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದೇ ಭೂಗೋಳ ಶಿಕ್ಷಣದ ಪರಮ ಪ್ರಯೋಜನವಾಗಿದೆ.